ಅಜ್ಜನ ಮನೆಗೆ ಚಕ್ರ ಮೂಡಿದ ಬಗೆ

ಅಮೆರಿಕದಲ್ಲಿ ಕುಟುಂಬಗಳು ಬೇಸಿಗೆಗೆ ಬಾಡಿಗೆ ಹಿಡಿಯುವ ಆರ್‌ವಿಗಳಲ್ಲಿ, ಅಂದರೆ ‘ರಿಕ್ರಿಯೇಷನಲ್ ವೆಹಿಕಲ್’ ಎಂಬ ಮನೆಗಾಡಿಗಳಲ್ಲಿ, ‘ಸಿ’ ದರ್ಜೆಯವು ಎದ್ದು ಕಾಣುತ್ತವೆ. ಮುಂದೆ ವ್ಯಾನಿನ ಮೂತಿ, ಅದರ ಬೆನ್ನಿಗೊಂದು ಮನೆ, ಡ್ರೈವರ್ ತಲೆಯ ಮೇಲೊಂದು ಅಟ್ಟ. ಎಲ್ಲ ಸೇರಿ ಇಪ್ಪತ್ತೈದು–ಮೂವತ್ತು ಅಡಿ ಉದ್ದ. ಅಟ್ಟದಲ್ಲಿ ಹಾಸಿಗೆ ಹಾಸಿರುತ್ತದೆ. ಎಂಟೊಂಬತ್ತು ವರ್ಷದ ಮೊಮ್ಮಗಳು ಜೊತೆಗಿದ್ದರೆ ಅದು ಯಾರ ಪಾಲಿಗೆ ಎಂಬ ಚರ್ಚೆಯೇ ಏಳುವುದಿಲ್ಲ. ಅಜ್ಜ–ಅಜ್ಜಿಗೆ ಹಿಂಬದಿಯ ಮಂಚ, ಅಪ್ಪ–ಅಮ್ಮನಿಗೆ ರಾತ್ರಿ ಹೊತ್ತು ಹಾಸಿಗೆಯಾಗುವ ಊಟದ ಮೇಜು. ನಡುವೆ ಗ್ಯಾಸ್ ಒಲೆ, ಸಿಂಕು, ಫ್ರಿಜ್ಜು. ಬಾಗಿಲು ಹಾಕಿಕೊಂಡರೆ ಮೊಣಕೈ ಗೋಡೆಗೆ ತಾಗುವಷ್ಟು ಇಕ್ಕಟ್ಟಾದ ಕಕ್ಕಸು.

ಈ ವಾಹನದ ಚರಿತ್ರೆಯಲ್ಲಿ ಎಂಜಿನ್ನಿಗಿಂತ ದೊಡ್ಡ ಪಾತ್ರ ಆ ಕಕ್ಕಸಿನದು, ಆಮೇಲೆ ಒಲೆಯದು. ಜಾಹೀರಾತಿನಲ್ಲಿ ಸೂರ್ಯಾಸ್ತ, ಖಾಲಿ ರಸ್ತೆ, ಅಲೆಮಾರಿಯ ಸ್ವಾತಂತ್ರ್ಯ ಎಲ್ಲ ಬರುತ್ತವೆ. ನನಗೆ ಕಾಣುವುದು ಬೇರೆ: ಊರು ನೋಡಬೇಕು, ಆದರೆ ಮನೆ ಬಿಡಲಾರೆ ಎಂದವರು ಮನೆಯನ್ನೇ ಕಟ್ಟಿಕೊಂಡು ಹೊರಟ ಕಥೆ. ಎಪ್ಪತ್ತು ದಾಟಿದವರಿಗೂ ಹತ್ತು ದಾಟದವರಿಗೂ ಪ್ರಯಾಣದಲ್ಲಿ ಬೇಕಾಗುವುದು ಹೆಚ್ಚುಕಡಿಮೆ ಒಂದೇ. ಹೊತ್ತಿಗೆ ಸರಿಯಾಗಿ ಊಟ, ಮಧ್ಯಾಹ್ನ ಒಂದು ಕೋಳಿನಿದ್ದೆ, ಬೇಕೆಂದಾಗ ಕೈಗೆಟುಕುವ ಬಚ್ಚಲು. ಮಧ್ಯವಯಸ್ಕರಿಗೆ ಟೆಂಟ್ ಸಾಕಾಗುತ್ತದೆ, ಇವರಿಬ್ಬರಿಗೆ ಸಾಲದು.

ಶುರುವಾದದ್ದು ಮಾತ್ರ ಕೋಟ್ಯಧಿಪತಿಗಳಿಂದ. 1910ರಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ ಪ್ರದರ್ಶನದಲ್ಲಿ ಪಿಯರ್ಸ್–ಆ್ಯರೋ ಕಂಪನಿ ‘ಟೂರಿಂಗ್ ಲ್ಯಾಂಡೋ’ ಎಂಬ ಕಾರನ್ನು ಇಟ್ಟಿತು. ಹಿಂದಿನ ಸೀಟು ಬಿಡಿಸಿದರೆ ಹಾಸಿಗೆ, ಡ್ರೈವರಿನ ಬೆನ್ನ ಹಿಂದಿನಿಂದ ಮಡಚಿ ಇಳಿಸುವ ಸಿಂಕು, ಸೀಟಿನ ಕೆಳಗೆ ಮಲದ ಪಾತ್ರೆ, ಡ್ರೈವರಿಗೆ ಅಪ್ಪಣೆ ಕೊಡಲು ಟೆಲಿಫೋನ್. ಅಮೆರಿಕನ್ನರು ಇದನ್ನೇ ಮೊದಲ ಆರ್‌ವಿ ಎಂದು ಲೆಕ್ಕಹಾಕುತ್ತಾರೆ. 1915ರಲ್ಲಿ ರೋಲಂಡ್ ಕಾಂಕ್ಲಿನ್ ಎಂಬ ಬಸ್ ಕಂಪನಿಯ ಮಾಲೀಕ ‘ಜಿಪ್ಸಿ ವ್ಯಾನ್’ ಎಂಬ ಉಪ್ಪರಿಗೆಯ ಬಸ್ಸು ಕಟ್ಟಿಸಿ, ಹೆಂಡತಿ ಮಕ್ಕಳ ಸಮೇತ ನ್ಯೂಯಾರ್ಕ್ ಕಡೆಯಿಂದ ಸ್ಯಾನ್‌ಫ್ರಾನ್ಸಿಸ್ಕೋಗೆ ಹೊರಟ. ಅದೇ ಹೊತ್ತಿಗೆ ಹೆನ್ರಿ ಫೋರ್ಡ್, ಥಾಮಸ್ ಎಡಿಸನ್, ಟೈರು ತಯಾರಕ ಹಾರ್ವೆ ಫೈರ್‌ಸ್ಟೋನ್ ಮತ್ತು ನಿಸರ್ಗ ಲೇಖಕ ಜಾನ್ ಬರೋಸ್ ‘ಅಲೆಮಾರಿಗಳು’ ಎಂದು ತಮ್ಮನ್ನೇ ಕರೆದುಕೊಂಡು ಬೇಸಿಗೆಯಲ್ಲಿ ಕಾಡು ಸುತ್ತುತ್ತಿದ್ದರು. ಅಡುಗೆಯವರು, ಸಾಮಾನು ಲಾರಿಗಳು ಬೆನ್ನ ಹಿಂದೆ ಬರುತ್ತಿದ್ದ ಅಲೆಮಾರಿಗಳು!

ಸಾಮಾನ್ಯರ ದಾರಿ ಬೇರೆಯಾಗಿತ್ತು. ಫೋರ್ಡ್ ಮಾಡಿದ ಅಗ್ಗದ ‘ಮಾಡೆಲ್ ಟಿ’ ಕಾರಿಗೇ ಮರದ ಪೆಟ್ಟಿಗೆ, ಗುಡಾರ ಕಟ್ಟಿಕೊಂಡು ಜನ ಹೊರಟರು. 1919ರಲ್ಲಿ ಫ್ಲಾರಿಡಾದ ಟ್ಯಾಂಪಾದಲ್ಲಿ ಇಂಥವರದೇ ಒಂದು ಸಂಘ ಹುಟ್ಟಿತು: ‘ಟಿನ್ ಕ್ಯಾನ್ ಟೂರಿಸ್ಟ್ಸ್’. ರೇಡಿಯೇಟರ್ ಮುಚ್ಚಳಕ್ಕೆ ಬೆಸುಗೆ ಹಾಕಿದ ತಗಡಿನ ಡಬ್ಬಿಯೇ ಇವರ ಗುರುತು. ಊರುಗಳು ಮೊದಮೊದಲು ಇವರನ್ನು ಸ್ವಾಗತಿಸಿ ಪುಕ್ಕಟೆ ತಂಗುದಾಣ ಮಾಡಿಕೊಟ್ಟವು. ಬಡವರೂ ಬಂದು ಬೀಡುಬಿಡತೊಡಗಿದಾಗ ಶುಲ್ಕ ಹಾಕಿದವು.

1930ರ ದಶಕಕ್ಕೆ ಬಂದರೆ ಈ ಚರಿತ್ರೆಯೊಳಗೆ ಒಬ್ಬ ಅಜ್ಜ ಕಾಣಿಸಿಕೊಳ್ಳುತ್ತಾನೆ. ಆರೆಗನ್ ರಾಜ್ಯದ ಬೇಕರ್‌ನಲ್ಲಿ ಹೇಸರಗತ್ತೆಗಳ ಸಾಲು ನಡೆಸುತ್ತಿದ್ದವನು. ಅವನ ಜೊತೆ ತಿರುಗಾಡಿ ಬೆಳೆದ ಮೊಮ್ಮಗ ವ್ಯಾಲಿ ಬಯಾಮ್, ಹರೆಯದಲ್ಲಿ ಕುರಿ ಕಾಯುತ್ತ ಎರಡು ಚಕ್ರದ ಕತ್ತೆಗಾಡಿಯಲ್ಲಿ ವಾಸಿಸಿದ. ಒಳಗೆ ಸೀಮೆಎಣ್ಣೆ ಒಲೆ, ನೀರು, ಹಾಸಿಗೆ. ದೊಡ್ಡವನಾದ ಮೇಲೆ ಹೆಂಡತಿಯನ್ನು ಕ್ಯಾಂಪಿಗೆ ಕರೆದರೆ, ಅಡುಗೆಮನೆ ಇಲ್ಲದ ಕಡೆಗೆ ತಾನು ಬರುವವಳಲ್ಲ ಎಂದು ಆಕೆ ಖಡಾಖಂಡಿತವಾಗಿ ಹೇಳಿದಳು. ಆತ ಮಾಡೆಲ್ ಟಿ ಕಾರಿನ ಚಾಸಿ ಮೇಲೆ ಗೂಡು ಕಟ್ಟಿ, ಒಲೆ ಮತ್ತು ಐಸ್ ಪೆಟ್ಟಿಗೆ ಇಟ್ಟ. ಅದು ಬೆಳೆದು ಏರ್‌ಸ್ಟ್ರೀಮ್ ಕಂಪನಿಯಾಯಿತು. 1936ರಲ್ಲಿ ಬಂದ ಅದರ ‘ಕ್ಲಿಪ್ಪರ್’ ರಿವೆಟ್ ಹೊಡೆದ ಅಲ್ಯೂಮಿನಿಯಂ ಮೈಯ ಟ್ರೇಲರು. ನಾಲ್ಕು ಜನ ಮಲಗಬಹುದು, ನೀರು ಒಳಗೇ, ವಿದ್ಯುತ್ ದೀಪವೂ ಉಂಟು. ಅಜ್ಜನ ಕಾಲದ ಅಲೆದಾಟಕ್ಕೆ ಹೆಂಡತಿಯ ಹಟ ಕೂಡಿಕೊಂಡದ್ದರಿಂದ ಈ ಗಾಡಿ ಮನೆಯಾಯಿತು ಎಂದರೆ ಅತಿಯಾಗಲಾರದು. ಇಷ್ಟಾದರೂ ದೂರದ ಕಾಡಿನಲ್ಲಿ ನಿಲ್ಲಿಸಿದರೆ ಹೊರಗಿನ ನೀರು, ವಿದ್ಯುತ್ತು ಬೇಕೇ ಬೇಕಿತ್ತು. ಅದರ ಹಂಗಿಲ್ಲದೆ ಬಿಸಿನೀರು, ಕಕ್ಕಸು, ದೀಪ ಮೂರನ್ನೂ ಒಳಗೇ ಇಟ್ಟುಕೊಂಡ ಏರ್‌ಸ್ಟ್ರೀಮ್ ಬಂದದ್ದು 1957ರಲ್ಲಿ. ಮುದುಕರು ಧೈರ್ಯವಾಗಿ ಹೊರಟದ್ದು ಇದಾದ ಮೇಲೆ ಎಂದು ನನ್ನ ಗುಮಾನಿ.

ಹೊರಡಲು ಗಾಡಿಯೊಂದೇ ಸಾಲದು, ರಸ್ತೆ ಬೇಕು. 1919ರಲ್ಲಿ ಯುವ ಸೇನಾಧಿಕಾರಿ ಐಸೆನ್‌ಹೋವರ್ ಸೈನ್ಯದ ಲಾರಿಗಳ ಜೊತೆ ವಾಷಿಂಗ್ಟನ್‌ನಿಂದ ಸ್ಯಾನ್‌ಫ್ರಾನ್ಸಿಸ್ಕೋಗೆ ಹೊರಟಾಗ ತಲುಪಲು 62 ದಿನ ಹಿಡಿದಿತ್ತು. ಆ ಕೆಸರಿನ ನೆನಪು ಇಟ್ಟುಕೊಂಡಿದ್ದ ಆತ ಅಧ್ಯಕ್ಷನಾಗಿ 1956ರಲ್ಲಿ 41,000 ಮೈಲಿ ಅಂತರರಾಜ್ಯ ಹೆದ್ದಾರಿಯ ಕಾನೂನಿಗೆ ಸಹಿ ಹಾಕಿದ. ಅದೇ ವರ್ಷ ರಾಷ್ಟ್ರೀಯ ಉದ್ಯಾನಗಳಲ್ಲಿ ಹತ್ತು ವರ್ಷಗಳ ‘ಮಿಷನ್ 66’ ಕಾಮಗಾರಿ ಶುರುವಾಯಿತು. 1962ರಲ್ಲಿ ಮೊಂಟಾನಾದ ಬಿಲ್ಲಿಂಗ್ಸ್‌ನಲ್ಲಿ, ಸಿಯಾಟಲ್ ವಿಶ್ವಮೇಳಕ್ಕೆ ಹೊರಟ ಜನ ತಂಗಲು ಜಾಗವಿಲ್ಲದೆ ಪರದಾಡುವುದನ್ನು ನೋಡಿದ ಡೇವ್ ಡ್ರಮ್ ನದಿದಂಡೆಯ ತನ್ನ ಜಮೀನಿನಲ್ಲಿ ತಂಗುದಾಣ ತೆರೆದ. ರಾತ್ರಿಗೆ 1.75 ಡಾಲರ್, ಬಿಸಿನೀರಿನ ಸ್ನಾನವೂ ಸೇರಿ. ಇಂದಿನ ಕೆಓಎ ತಂಗುದಾಣಗಳ ಸರಪಳಿಯ ಮೊದಲ ಕೊಂಡಿ ಅದು.

ಈ ರಸ್ತೆ ಎಲ್ಲರ ರಸ್ತೆಯಾಗಿರಲಿಲ್ಲ ಎಂಬುದನ್ನೂ ಹೇಳಬೇಕು. ಕಪ್ಪು ಪ್ರಯಾಣಿಕರು ಎಲ್ಲಿ ತಂಗಬಹುದು, ಎಲ್ಲಿ ಉಣ್ಣಬಹುದು ಎಂದು ತಿಳಿಸುವ ‘ಗ್ರೀನ್ ಬುಕ್’ ಕೈಪಿಡಿ 1936ರಲ್ಲಿ ಶುರುವಾಗಿ ಮೂವತ್ತು ವರ್ಷ ಅಗತ್ಯವಾಗಿಯೇ ಉಳಿಯಿತು. ವರ್ಜೀನಿಯಾದ ಶೆನಾಂಡೋವಾ ಉದ್ಯಾನದಲ್ಲಿ 1939ರಲ್ಲಿ ಅವರಿಗೆಂದೇ ಪ್ರತ್ಯೇಕ ತಂಗುದಾಣ ತೆರೆದಿದ್ದರು.

ಅಜ್ಜ–ಅಜ್ಜಿಯರ ಕೈಗೆ ಸ್ಟಿಯರಿಂಗ್ ಬಂದದ್ದು 1960ರ ದಶಕದಲ್ಲಿ, ಪಿಂಚಣಿಯ ಬಲದಿಂದ. 1935ರ ಸಾಮಾಜಿಕ ಭದ್ರತಾ ಕಾನೂನಿನಿಂದ ತಿಂಗಳ ಪಿಂಚಣಿ ಬಂದಿತ್ತು. 1961ರಿಂದ ಗಂಡಸರೂ 62ನೇ ವಯಸ್ಸಿಗೇ, ಸ್ವಲ್ಪ ಕಡಿಮೆ ಮೊತ್ತಕ್ಕೆ, ಅದನ್ನು ಪಡೆಯಬಹುದಾಯಿತು. 1966ರಲ್ಲಿ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್ ಜಾರಿಗೆ ಬಂದು ವಯಸ್ಸಾದವರ ಆಸ್ಪತ್ರೆ ಖರ್ಚಿನ ಭಯ ಇಳಿಯಿತು. ಅದೇ 1966ರಲ್ಲಿ ಐಯೋವಾದ ಫಾರೆಸ್ಟ್ ಸಿಟಿ ಎಂಬ ಪುಟ್ಟ ರೈತ ಊರಿನ ಕಾರ್ಖಾನೆಯಿಂದ ವಿನೆಬೇಗೋ ಮೋಟರ್‌ಹೋಮ್ ಹೊರಬಂತು. ಅದರ ಹಿಂದಿದ್ದ ಜಾನ್ ಹ್ಯಾನ್ಸನ್ ಪೀಠೋಪಕರಣದ ಅಂಗಡಿಯ ಜೊತೆಗೆ ಶವಸಂಸ್ಕಾರದ ವ್ಯವಹಾರವನ್ನೂ ನಡೆಸುತ್ತಿದ್ದವನು. ಊರಿಗೆ ಉದ್ಯೋಗ ಬೇಕೆಂದು ಕಾರ್ಖಾನೆ ತರಿಸಿದವನು. ಜೋಡಣಾ ಸಾಲಿನಲ್ಲಿ ಮಾಡಿದ್ದರಿಂದ ಪೈಪೋಟಿಯವರ ಗಾಡಿಯ ಸುಮಾರು ಅರ್ಧ ಬೆಲೆಗೇ ಕೊಟ್ಟ. ಮನೆ ಮಾರಿ ಗಾಡಿ ಕೊಂಡವರು ಹೆಚ್ಚಾದರು. ‘ಮಕ್ಕಳ ಆಸ್ತಿಯನ್ನು ಖರ್ಚು ಮಾಡುತ್ತಿದ್ದೇವೆ’ ಎಂಬ ಸ್ಟಿಕ್ಕರು ಹಿಂಬದಿಯ ಬಂಪರಿನ ಮೇಲೆ ಬಂತು. ನಮ್ಮಲ್ಲಿ ಯಾವ ಹಿರಿಯರೂ ಅದನ್ನು ಅಂಟಿಸಿಕೊಳ್ಳಲಾರರು, ಮನಸ್ಸಿನಲ್ಲಿ ಅಂದುಕೊಂಡರೂ.

ಇಂದು ಉತ್ತರ ಅಮೆರಿಕದ ಆರ್‌ವಿಗಳಲ್ಲಿ ಬಹುಪಾಲು ತಯಾರಾಗುವುದು ಇಂಡಿಯಾನಾ ರಾಜ್ಯದ ಎಲ್ಕ್‌ಹಾರ್ಟ್ ಸುತ್ತಮುತ್ತ. ಅಲ್ಲಿನ ಕಾರ್ಖಾನೆಗಳಲ್ಲಿ ಬಡಗಿ ಕೆಲಸಕ್ಕೆ ಆಮಿಶ್ ಪಂಥದವರು ಬಹಳ. ಧರ್ಮನಿಷ್ಠೆಯಿಂದ ಮೋಟಾರು ವಾಹನ ಇಟ್ಟುಕೊಳ್ಳದೆ ಕುದುರೆಗಾಡಿಯಲ್ಲಿ ಓಡಾಡುವ ಜನ, ದಿನವಿಡೀ ಮೋಟಾರು ಮನೆಗೆ ಬೀರು ಕೂರಿಸುತ್ತಾರೆ.

ಮೊಮ್ಮಕ್ಕಳು ಈ ಗಾಡಿ ಹತ್ತಿದ್ದಕ್ಕೆ ಕಾರಣ ಅಕ್ಕರೆ ಮಾತ್ರ ಅಲ್ಲ, ರಜೆಯ ಲೆಕ್ಕವೂ ಹೌದು. ಶಾಲೆಗೆ ಬೇಸಿಗೆಯಲ್ಲಿ ಎರಡು ತಿಂಗಳಿಗೂ ಮಿಕ್ಕಿ ರಜೆ. ಕೆಲಸಕ್ಕೆ ಹೋಗುವ ಅಪ್ಪ–ಅಮ್ಮನಿಗೆ ಸಂಬಳಸಹಿತ ರಜೆ ಕೊಡಲೇಬೇಕೆಂಬ ಕೇಂದ್ರ ಕಾನೂನು ಅಮೆರಿಕದಲ್ಲಿ ಇಲ್ಲ. ನಡುವಿನ ವಾರಗಳನ್ನು ತುಂಬಲು ಬೇಸಿಗೆ ಶಿಬಿರಗಳಿಗೆ ದುಡ್ಡು ಸುರಿಯಬೇಕು, ಇಲ್ಲವೇ ಅಜ್ಜ–ಅಜ್ಜಿ ಬರಬೇಕು. ನಮ್ಮಲ್ಲಿ ಮಕ್ಕಳು ರಜೆಗೆ ಅಜ್ಜನ ಮನೆಗೆ ಹೋಗುತ್ತಿದ್ದರು. ಅಲ್ಲಿ ಅಜ್ಜನ ಮನೆಯೇ ಬಾಗಿಲಿಗೆ ಬಂದು ಹಾರ್ನ್ ಹೊಡೆಯುತ್ತದೆ. ಕೋವಿಡ್ ಬಂದಾಗ ಹೋಟೆಲ್ಲು, ವಿಮಾನ ಎರಡೂ ಬೇಡವಾದ ಕುಟುಂಬಗಳು ಈ ಗಾಡಿಗೆ ಮುಗಿಬಿದ್ದವು. 2021ರಲ್ಲಿ ಕಾರ್ಖಾನೆಗಳಿಂದ ದಾಖಲೆಯ 6 ಲಕ್ಷ ಆರ್‌ವಿಗಳು ಹೊರಬಿದ್ದವು. ಎರಡು ವರ್ಷದಲ್ಲಿ ಆ ಸಂಖ್ಯೆ ಅರ್ಧದಷ್ಟಕ್ಕೆ ಕುಸಿಯಿತು.

ಬೆಂಗಳೂರು, ಮೈಸೂರುಗಳಿಂದ ಮಕ್ಕಳ ಮನೆಗೆ ಹೋಗುವ ನಮ್ಮ ಹಿರಿಯರೂ ಈಗ ಈ ಗಾಡಿ ಹತ್ತುತ್ತಾರೆ. ಸಸ್ಯಾಹಾರಿಗಳಿಗಂತೂ ವಯೋಮಿಂಗ್‌ನಂಥ ಕಡೆ ಇದು ವರದಾನ. ದಿನಕ್ಕೆ ಮೂರು ಹೊತ್ತು ಆಲೂಗಡ್ಡೆ ತಿನ್ನುವುದು ತಪ್ಪುತ್ತದೆ. ಕುಕ್ಕರಿನಲ್ಲಿ ಅನ್ನ, ಡಬ್ಬಿಯಲ್ಲಿ ಸಾರಿನ ಪುಡಿ, ಮೆಂತ್ಯದ ಹಿಟ್ಟು. ಒಗ್ಗರಣೆ ಮಾತ್ರ ತೊಂದರೆ ಕೊಡುತ್ತದೆ. ಒಣಮೆಣಸಿನಕಾಯಿ ಎಣ್ಣೆಗೆ ಬಿದ್ದ ಮರುಗಳಿಗೆ ತಲೆಯ ಮೇಲಿನ ಹೊಗೆ ಅಲಾರಂ ಕಿರುಚಿಕೊಳ್ಳುತ್ತದೆ. ಹೊರಗಿನ ಮೇಜಿನ ಮೇಲೆ ಒಲೆ ಹಚ್ಚೋಣವೆಂದರೆ ಯೆಲ್ಲೋಸ್ಟೋನ್ ಉದ್ಯಾನದಲ್ಲಿ ಕರಡಿಯ ಕಾನೂನು: ಆಹಾರ, ಪಾತ್ರೆ ಏನನ್ನೂ ಹೊರಗೆ ಬಿಟ್ಟು ಕದಲುವಂತಿಲ್ಲ. ಅಲ್ಲಿನ ಫಿಶಿಂಗ್ ಬ್ರಿಜ್ ತಂಗುದಾಣದಲ್ಲಂತೂ ಬಟ್ಟೆಯ ಟೆಂಟಿಗೆ ಜಾಗವೇ ಇಲ್ಲ, ಗಟ್ಟಿ ಗೋಡೆಯ ಗಾಡಿಗಳಿಗಷ್ಟೇ. ಸುತ್ತ ಗ್ರಿಜ್ಲಿ ಕರಡಿಗಳ ಓಡಾಟ.

ಮಡಿಯ ಅಜ್ಜಿಗೆ ದೊಡ್ಡ ಪರೀಕ್ಷೆ ಒಲೆಗೂ ಕಕ್ಕಸಿಗೂ ನಡುವಿನ ಎರಡಡಿ. ಅಜ್ಜನಿಗೆ ಟ್ಯಾಂಕು. ಗಾಡಿಯ ಹೊಟ್ಟೆಯಲ್ಲಿ ಕೊಳೆನೀರಿಗೆ ಎರಡಿರುತ್ತವೆ: ಕಕ್ಕಸಿನದು ಕಪ್ಪು ಟ್ಯಾಂಕು, ಸ್ನಾನ–ಪಾತ್ರೆ ನೀರಿನದು ಬೂದು ಟ್ಯಾಂಕು. ಇವನ್ನು ಖಾಲಿ ಮಾಡುವ ಡಂಪ್ ಸ್ಟೇಷನ್ನಿನಲ್ಲಿ ಕೈಗವಸು ಹಾಕಿ ಪೈಪು ಜೋಡಿಸಿ ಮೊದಲು ಕಪ್ಪು, ಆಮೇಲೆ ಬೂದು ಬಿಡಬೇಕು. ಸೋಪಿನ ನೀರು ಪೈಪನ್ನು ತೊಳೆಯುತ್ತದೆ. ಜನ್ಮದಲ್ಲಿ ಈ ಕೆಲಸ ಮಾಡದ ನಿವೃತ್ತ ಅಧಿಕಾರಿಗಳೂ ಮೊಮ್ಮಗಳ ಎದುರು ಮಾಡುತ್ತಾರೆ. ನನ್ನ ಮಟ್ಟಿಗೆ ಇಡೀ ಪ್ರವಾಸದ ಅತ್ಯಂತ ಉಪಯುಕ್ತ ಪಾಠ ಅದು, ಇಬ್ಬರಿಗೂ.

ಮೊಮ್ಮಕ್ಕಳ ವಿಷಯದಲ್ಲಿ ಒಂದು ಮಾತನ್ನು ಕಟ್ಟುನಿಟ್ಟಾಗಿ ಪಾಲಿಸಬೇಕು. ಗಾಡಿ ಓಡುವಾಗ ಅಟ್ಟ ಹತ್ತುವಂತಿಲ್ಲ, ಬೆಲ್ಟ್ ಇರುವ, ಮುಂದಕ್ಕೆ ಮುಖ ಮಾಡಿದ ಸೀಟಿನಲ್ಲೇ ಕೂರಬೇಕು. ಲೀಟರಿಗೆ ಮೂರೂವರೆ–ನಾಲ್ಕು ಕಿ.ಮೀ. ಓಡುವ ಗಾಡಿ, ದೂರ ಹೆಚ್ಚಿದಷ್ಟೂ ಮಗುವಿಗೂ ಬೇಸರ, ಜೇಬಿಗೂ ಹೊರೆ. ಒಂದೇ ಉದ್ಯಾನದಲ್ಲಿ ನಾಲ್ಕು ದಿನ ನಿಂತರೆ ಮಗು ‘ಜೂನಿಯರ್ ರೇಂಜರ್’ ಪುಸ್ತಕದ ಚಟುವಟಿಕೆಗಳನ್ನು ಮುಗಿಸಿ, ಕೈಯೆತ್ತಿ ಪ್ರತಿಜ್ಞೆ ಮಾಡಿ, ಬಿಲ್ಲೆ ಪಡೆಯಬಹುದು.

ಉದ್ಯಾನದ ಪಾಸಿನಲ್ಲೂ ಒಂದು ತಮಾಷೆಯಿದೆ. 62 ದಾಟಿದವರಿಗೆ 80 ಡಾಲರಿಗೆ ಜೀವಮಾನದ ಪಾಸು ಉಂಟು, ಆದರೆ ಅಲ್ಲಿನ ಪ್ರಜೆಗಳಿಗೆ, ಕಾಯಂ ನಿವಾಸಿಗಳಿಗೆ ಮಾತ್ರ. ಸಂದರ್ಶಕ ವೀಸಾದ ಅಜ್ಜನಿಗೆ ಎಂಬತ್ತಾದರೂ ಇಲ್ಲ. ಅಲ್ಲೇ ಓದುವ ಮೊಮ್ಮಗಳಿಗೆ ಮಾತ್ರ ನಾಲ್ಕನೇ ತರಗತಿಯಲ್ಲಿ ವರ್ಷದ ಪಾಸು ಪುಕ್ಕಟೆ ಸಿಗುತ್ತದೆ, 2015ರಿಂದ ಶುರುವಾದ ಯೋಜನೆಯಡಿ. ಆಗಸ್ಟ್ ಕೊನೆಯವರೆಗೆ ಅದು ನಡೆಯುತ್ತದೆ. ಗೇಟಿನಲ್ಲಿ ಪಾಸು ತೋರಿಸುವಾಗ ಅವಳು ಖುದ್ದಾಗಿ ಗಾಡಿಯಲ್ಲಿರಬೇಕು, ಅಷ್ಟೆ.