ಇಪ್ಪತ್ತಾರು ಅಂಕೆಗಳ ಉತ್ತರ

ದಿಲ್ಲಿಯ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತರಾದ ನಮಗೆ ಅಂಕೆಗಳು ಹೊಸತಲ್ಲ. ಆದರೆ ಮೊನ್ನೆ ಭಾನುವಾರ ಮಗಳು ಮುಂದಿಟ್ಟ ಗುಣಾಕಾರ ನಮ್ಮನ್ನೂ ದಂಗುಬಡಿಸಿತು:

7,686,369,774,870 × 2,465,099,745,779

1929ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಶಕುಂತಲಾದೇವಿಯವರು 1980ರ ಜೂನ್ 18ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಬಾಯಿಲೆಕ್ಕದಿಂದಲೇ ಬಿಡಿಸಿದ ಲೆಕ್ಕವಿದು. ಸಂಖ್ಯೆಗಳನ್ನು ಆರಿಸಿದವರು ಅಲ್ಲಿಯ ಕಂಪ್ಯೂಟರ್ ವಿಭಾಗದವರು. 28 ಸೆಕೆಂಡುಗಳಲ್ಲಿ ಬಂದ ಉತ್ತರ:

18,947,668,177,995,426,462,773,730

ಮಗಳು ಇದನ್ನು ಶಾಲೆಯಲ್ಲಿ ಹೇಳಿದರೆ ಗೆಳತಿಯರು ‘ಗಪ್’ ಎಂದು ನಕ್ಕರಂತೆ. "ಅಪ್ಪಾ, ಉತ್ತರ ಸರಿಯೆಂದು ಹೇಗೆ ತೋರಿಸಲಿ?" ಮನೆಯ ಕ್ಯಾಲ್ಕುಲೇಟರಿನಲ್ಲಿ ಹನ್ನೆರಡೇ ಅಂಕೆಗಳಿಗೆ ಜಾಗ. ಮೊಬೈಲು ಮುಟ್ಟಬಾರದೆಂದು ನಾವೇ ಕಟ್ಟುಮಾಡಿದೆವು. ವಾಚಕರೂ ಪೆನ್ಸಿಲ್ಲು ಹಿಡಿದು ಜೊತೆಗೆ ಬರಬಹುದು.

ಮೊದಲು ನಮ್ಮ ತಂದೆಯವರು ಕಲಿಸಿದ ಒಂಬತ್ತರ ತಾಳೆ. ಅಂಕೆಗಳನ್ನು ಕೂಡುತ್ತ ಒಂದೇ ಅಂಕೆಗೆ ಇಳಿಸುವುದು. ಮೊದಲ ಸಂಖ್ಯೆಯ ಮೊತ್ತ 78, ಅದರಿಂದ 15, ಕೊನೆಗೆ 6. ಎರಡನೆಯದು 74, 11, 2. ಆರೆರಡ್ಲ ಹನ್ನೆರಡು, ಎಂದರೆ 3. ಇನ್ನು ಉತ್ತರದ ಮೊತ್ತ 138. ಅದು 12, ಕೊನೆಗೆ 3. ತಾಳೆಯಾಯಿತು! ಹತ್ತಿರಲಿ ಕೋಟಿಯಿರಲಿ, 9ರಿಂದ ಭಾಗಿಸಿದರೆ ಉಳಿಯುವುದು 1 ಮಾತ್ರ. ಇಷ್ಟೇ ಇದರ ಗುಟ್ಟು.

"ಆ ತಾಳೆಯನ್ನು ನಂಬಿಯೇ ಅಲ್ಲವೇ ನೀವು ಆವತ್ತು ಪೇಚಿಗೆ ಸಿಕ್ಕಿದ್ದು?" ಅಡಿಗೆಮನೆಯಿಂದ ನಮ್ಮಾಕೆಯ ದನಿ.

ನಿಜವೇ. ಸಂಬಳದ ಬಿಲ್ಲೊಂದರಲ್ಲಿ 4736 ಎಂಬುದನ್ನು 4763 ಎಂದು ಬರೆದಿದ್ದೆವು. ಅಕ್ಕಪಕ್ಕದ ಅಂಕೆಗಳು ಅದಲುಬದಲಾದರೆ ವ್ಯತ್ಯಾಸ ಯಾವಾಗಲೂ 9ರ ಮಡಿಯೇ, ಇಲ್ಲಿ 27. ಆದ್ದರಿಂದ ಒಂಬತ್ತಕ್ಕೆ ಅದು ಕಾಣುವುದೇ ಇಲ್ಲ. ಗುಮಾಸ್ತರು ಹೆಚ್ಚಾಗಿ ಮಾಡುವ ತಪ್ಪೂ ಅದೇ! ರಾತ್ರಿ ಎಂಟರವರೆಗೆ ಕೂತು ಬಿಲ್ಲು ತಿದ್ದಿದೆವು. ಲಿಖಿತ ವಿವರಣೆ ಬೇರೆ.

ಆ ಕಳ್ಳನನ್ನು ಹಿಡಿಯುವುದು 11. ಬಲತುದಿಯಿಂದ ಒಂದಂಕೆಯನ್ನು ಕೂಡಿ, ಮುಂದಿನದನ್ನು ಕಳೆದು, ಹೀಗೆಯೇ ಸಾಗಬೇಕು. 4736ಕ್ಕೆ 6 ಬರುತ್ತದೆ, 4763ಕ್ಕೆ ಸೊನ್ನೆ. ಸಿಕ್ಕಿಬಿತ್ತು ನೋಡಿ. ಶಕುಂತಲಾದೇವಿಯವರ ಎರಡನೆಯ ಸಂಖ್ಯೆಗೂ ಸೊನ್ನೆಯೇ ಬಂತು. ಅಂದರೆ ಅದು 11ರಿಂದ ಶೇಷವಿಲ್ಲದೆ ಭಾಗವಾಗುತ್ತದೆ. ಹಾಗಾದರೆ ಉತ್ತರವೂ ಆಗಲೇಬೇಕು. ಇಪ್ಪತ್ತೈದು ಅಂಕೆಗಳನ್ನು ಕೂಡಿ ಕಳೆದು ಎಡತುದಿಯ 1ಕ್ಕೆ ಬಂದಾಗ ಮಗಳ ಕೈಯಲ್ಲಿ ಉಳಿದದ್ದೂ 1. ಕಳೆದಳು. ಸೊನ್ನೆ!

ಆದರೂ ತಪ್ಪು 99ರ ಮಡಿಯಾಗಿದ್ದರೆ ಎರಡು ತಾಳೆಗಳಿಂದಲೂ ನುಣುಚಿಕೊಳ್ಳುತ್ತದೆ. ಕಡೆಗೆ ಉದ್ದ ಗುಣಾಕಾರಕ್ಕೇ ಕೂತೆವು. ಗುಣಕದಲ್ಲಿ ಒಂದು ಸೊನ್ನೆಯಿದ್ದುದರಿಂದ ಹನ್ನೆರಡೇ ಸಾಲು. ಮೊದಲ ಸಲ ಏಳನೆಯ ಸಾಲಿನಲ್ಲಿ ದಶಕ ಮರೆತು ಎಲ್ಲ ಕೆಟ್ಟಿತು, ಮರೆತವರು ನಾವೇ. ಎರಡನೆಯ ಸಲ ಇಪ್ಪತ್ತಾರೂ ಅಂಕೆಗಳು ಕೂಡಿಬಂದವು. ಹಿಡಿದದ್ದು ಒಂದು ಗಂಟೆ ಐವತ್ತು ನಿಮಿಷ. ಅಷ್ಟರಲ್ಲಿ ಹುಳಿ ಆರಿ ತಣ್ಣಗಾಗಿತ್ತು.

ಸೋಮವಾರ ಬೆಳಿಗ್ಗೆ ಮಗಳು ಆ ಹಾಳೆಯನ್ನು ಮಡಿಸಿ ಶಾಲೆಯ ಚೀಲಕ್ಕೆ ಹಾಕಿಕೊಂಡಳು.