ಹತ್ತು ವೋಲ್ಟಿನ ಬಲ್ಬಿಗೆ ಒಂಬತ್ತೇ ಸಾಕು

ಅಮೆರಿಕದಲ್ಲಿ ಕಾರು ಓಡಿಸುವ ನಮ್ಮವರಿಗೆ ರೈಲ್ವೆ ಕ್ರಾಸಿಂಗಿನ ಜೋಡಿ ಕೆಂಪುದೀಪ ಚೆನ್ನಾಗಿ ಗೊತ್ತು. ಎಡದ್ದು ಹತ್ತಿದಾಗ ಬಲದ್ದು ಆರುತ್ತದೆ, ಬಲದ್ದು ಹತ್ತಿದಾಗ ಎಡದ್ದು. ಪ್ರತಿ ದೀಪವೂ ನಿಮಿಷಕ್ಕೆ 35ರಿಂದ 65 ಸಲ ಮಿನುಗಬೇಕು, ರೈಲು ಬರುವ ಕನಿಷ್ಠ 20 ಸೆಕೆಂಡು ಮೊದಲೇ ಶುರುವಾಗಬೇಕು ಎಂಬುದು ಅಲ್ಲಿನ ನಿಯಮ.

ದೀಪದ ಸ್ವಿಚ್ಚು ಇರುವುದು ಹಳಿಯಲ್ಲೇ. ಹಳಿಗಳಲ್ಲಿ ಹರಿಯುವ ಸಣ್ಣ ಕರೆಂಟು ಒಂದು ರಿಲೇಯನ್ನು ಎತ್ತಿ ಹಿಡಿದಿರುತ್ತದೆ. ರೈಲಿನ ಗಾಲಿಗಳು ಎರಡೂ ಹಳಿಗಳನ್ನು ಶಾರ್ಟ್ ಮಾಡಿದೊಡನೆ ರಿಲೇ ಬಿದ್ದು ದೀಪ ಹತ್ತುತ್ತದೆ. ತಂತಿ ಕಡಿದರೂ ಆಗುವುದು ಇದೇ. ವಿಲಿಯಂ ರಾಬಿನ್ಸನ್ 1872ರಲ್ಲಿ ಪೇಟೆಂಟ್ ಪಡೆದ ಈ ಉಪಾಯ ಇವತ್ತಿಗೂ ಸವೆದಿಲ್ಲ.

ಬಲ್ಬಿನದು ಬೇರೆ ಕಥೆ. ತಣ್ಣಗಿರುವ ಟಂಗ್‌ಸ್ಟನ್ ಫಿಲಮೆಂಟಿನ ರೋಧ ಕಾದಾಗಿನದರ ಹತ್ತನೇ ಒಂದು ಭಾಗಕ್ಕಿಂತಲೂ ಕಡಿಮೆ. ಹಾಗಾಗಿ ಹತ್ತುವ ಕ್ಷಣದಲ್ಲಿ ಕರೆಂಟು ನುಗ್ಗುತ್ತದೆ. ಬಲ್ಬು ಸುಡುವುದು ಹೆಚ್ಚಾಗಿ ಆಗಲೇ. ಮಿನುಗುವುದೇ ಕೆಲಸವಾದ ಬಲ್ಬಿಗೆ ಇದು ದಿನನಿತ್ಯದ ಪೆಟ್ಟು. ಅದಕ್ಕೇ ಇಲ್ಲಿ 10 ವೋಲ್ಟಿನ, 18 ಅಥವಾ 25 ವ್ಯಾಟಿನ ಬಲ್ಬು ಹಾಕುವುದು. ಅದರ ಫಿಲಮೆಂಟು ಗಿಡ್ಡ, ದಪ್ಪ. ರೈಲಿನ ಅದುರಾಟ ತಡೆಯುತ್ತದೆ, ಮೇನ್ಸ್ ಹೋದರೆ ಬ್ಯಾಟರಿಯ ಮೇಲೂ ಉರಿಯುತ್ತದೆ.

ಇಷ್ಟಾದ ಮೇಲೂ ಪೂರ್ತಿ ಹತ್ತು ವೋಲ್ಟ್ ಕೊಡುವುದು ದುಂದು. ಒಂಬತ್ತು ಕೊಟ್ಟರೆ ಬೆಳಕು ಸುಮಾರು ಶೇ. 70ಕ್ಕೆ ಇಳಿಯುತ್ತದೆ, ಆಯುಷ್ಯ ಮೂರು ನಾಲ್ಕು ಪಟ್ಟಾಗುತ್ತದೆ. ಹತ್ತೂವರೆ ಕೊಟ್ಟಿರೋ, ಆಯುಷ್ಯ ಅರ್ಧ! ಆದರೆ ಉಳಿತಾಯಕ್ಕೂ ಮಿತಿಯುಂಟು: ಶೇ. 85ಕ್ಕಿಂತ, ಅಂದರೆ ಎಂಟೂವರೆ ವೋಲ್ಟಿಗಿಂತ, ಕೆಳಗಿಳಿಯುವಂತಿಲ್ಲ.

ಈ ಲೆಕ್ಕ ತಪ್ಪುವುದು ತಂತಿಯಲ್ಲಿ. ಎರಡು ಕಂಬ, ಎಂಟು ದೀಪ ಎಂದುಕೊಳ್ಳಿ. ಒಮ್ಮೆಗೆ ಉರಿಯುವ ನಾಲ್ಕಕ್ಕೆ, 25 ವ್ಯಾಟಿನಂತೆ, 10 ಆಂಪಿಯರ್ ಬೇಕು. ಎಲ್ಲಕ್ಕೂ ಒಂದೇ ತಂತಿ ಎಳೆದರೆ, ಹೋಗಿಬರುವ ದಾರಿಯ ರೋಧ 0.1 ಓಮ್ ಇದ್ದರೂ ಒಂದು ವೋಲ್ಟ್ ದಾರಿಯಲ್ಲೇ ಖರ್ಚು. ಆದ್ದರಿಂದ ದಪ್ಪ ತಂತಿ ಬೇಕು. ಕಂಬಕ್ಕೊಂದು ಪ್ರತ್ಯೇಕ ಜೋಡಿ ಎಳೆದು, ಹಳಿ ಪಕ್ಕದ ಉಪಕರಣಗಳ ಪೆಟ್ಟಿಗೆಯಲ್ಲಿ ಅದಕ್ಕೊಂದು ಹೊಂದಿಸುವ ರೆಸಿಸ್ಟರು ಇಟ್ಟರೆ ಇನ್ನೂ ಒಳ್ಳೆಯದು. ಮೀಟರು ಹಿಡಿಯಬೇಕಾದದ್ದು ಪೆಟ್ಟಿಗೆಯಲ್ಲಲ್ಲ, ಬಲ್ಬಿನ ಟರ್ಮಿನಲ್ಲಿಗೆ. ಮೇನ್ಸ್ ತೆಗೆದು, ಬ್ಯಾಟರಿಯ ಮೇಲೆ ಇನ್ನೊಮ್ಮೆ ಅಳೆಯಬೇಕು.

ಈಗೀಗ ಎಲ್‌ಇಡಿ ಬಂದು ಈ ತಾಪತ್ರಯ ಬಹಳ ಮಟ್ಟಿಗೆ ತಗ್ಗಿದೆ. ಎಷ್ಟು ಸಲ ಮಿನುಗಿದರೂ ಅದಕ್ಕೆ ಲೆಕ್ಕಕ್ಕಿಲ್ಲ, ಬಿಸಿಯೊಂದು ಮಾತ್ರ ಅದಕ್ಕೆ ಆಗಿಬರದು. ಹಿಮ ಬೀಳುವ ಕಡೆ ಇನ್ನೊಂದು ತೊಡಕೂ ಇದೆ: ಹಳೆಯ ಬಲ್ಬಿನ ಕಾವಿಗೆ ಮಸೂರದ ಮೇಲಿನ ಹಿಮ ಕರಗುತ್ತಿತ್ತು, ಎಲ್‌ಇಡಿಗೆ ಅಷ್ಟು ಕಾವಿಲ್ಲ.