ನಾಲ್ಕು ಅಕ್ಷರಕ್ಕೆ ಸಿಕ್ಕದ ಮನುಷ್ಯ

ದಾವಣಗೆರೆಯ ಓದುಗರೊಬ್ಬರು ಕೇಳಿದ್ದಾರೆ: "ಮಗಳು ಕ್ಯಾಂಪಸ್ ಇಂಟರ್‌ವ್ಯೂಗೆ ಮುಂಚೆ ಆನ್‌ಲೈನಿನಲ್ಲಿ ಪರ್ಸನಾಲಿಟಿ ಟೆಸ್ಟ್ ಬರೆದಳು. ಐಎನ್‌ಎಫ್‌ಜೆ ಅಂತ ಬಂತು. ಆವತ್ತಿನಿಂದ 'ನಾನು ಅಂತರ್ಮುಖಿ, ಮಾರ್ಕೆಟಿಂಗ್ ನನಗೆ ಒಗ್ಗೋದಿಲ್ಲ' ಅಂತಿದ್ದಾಳೆ. ಇವನ್ನೆಲ್ಲ ಎಷ್ಟು ನಂಬಬಹುದು?"

ಆ ನಾಲ್ಕು ಅಕ್ಷರಗಳನ್ನು ನಂಬಿ ಯಾವ ದಾರಿಯನ್ನೂ ಮುಚ್ಚಿಕೊಳ್ಳುವುದು ಬೇಡ. ಹಾಗಂತ ವ್ಯಕ್ತಿತ್ವವನ್ನು ಅಳೆಯಲು ಬರುವುದೇ ಇಲ್ಲ ಎಂದೂ ಅಲ್ಲ. ಅಳೆಯಬಹುದು, ಒಂದು ಮಟ್ಟಿಗೆ. ಆ ಮಟ್ಟ ಯಾವುದು ಎಂದು ತಿಳಿಯಲು ನೂರು ವರ್ಷಗಳ ಜಗಳವೇ ಬೇಕಾಯಿತು.

ಮಗಳು ಬರೆದದ್ದು ಮೈಯರ್ಸ್-ಬ್ರಿಗ್ಸ್ ಪರೀಕ್ಷೆ, ಅಥವಾ ಅದರ ಯಾವುದೋ ನಕಲು. ಕ್ಯಾಥರಿನ್ ಬ್ರಿಗ್ಸ್, ಇಸಾಬೆಲ್ ಮೈಯರ್ಸ್ ಎಂಬ ಅಮೆರಿಕದ ತಾಯಿ-ಮಗಳು ಎರಡನೇ ಮಹಾಯುದ್ಧದ ಕಾಲದಲ್ಲಿ ಇದನ್ನು ರೂಪಿಸಿದರು. ಮನೋವೈದ್ಯ ಕಾರ್ಲ್ ಯೂಂಗ್ 1921ರಲ್ಲಿ ಬರೆದ ಪುಸ್ತಕವೊಂದು ಇದರ ಆಧಾರ. ತಾಯಿ-ಮಗಳು ಇಬ್ಬರೂ ಮನಶ್ಶಾಸ್ತ್ರ ಓದಿದವರಲ್ಲ. ಇಸಾಬೆಲ್ ಪತ್ತೇದಾರಿ ಕಾದಂಬರಿ ಬರೆದು ಬಹುಮಾನ ಗೆದ್ದವರು. ಅದೇನೂ ದೋಷವಲ್ಲ, ಹೊರಗಿನವರೇ ಎಷ್ಟೋ ಸಲ ಒಳ್ಳೆಯ ವಿಜ್ಞಾನ ಮಾಡಿದ್ದಾರೆ. ದೋಷವಿರುವುದು ಲೆಕ್ಕ ಹಾಕುವ ರೀತಿಯಲ್ಲಿ.

ನಮ್ಮ ಕಾಲದ ಎಸ್ಸೆಸ್ಸೆಲ್ಸಿ ನೆನಪಿಸಿಕೊಳ್ಳಿ. 35 ಬಂದರೆ ಪಾಸು, 34 ಬಂದರೆ ಫೇಲು. ಈಗ ಅಂಕಪಟ್ಟಿಯಿಂದ ಅಂಕಗಳನ್ನೆಲ್ಲ ಅಳಿಸಿ ಬರೀ 'ಪಾಸು', 'ಫೇಲು' ಎಂದಷ್ಟೇ ಅಚ್ಚು ಹಾಕಿಬಿಟ್ಟರು ಅನ್ನಿ. 35 ತೆಗೆದವನೂ 98 ತೆಗೆದವಳೂ ಒಂದೇ ಆಗಿಬಿಡುತ್ತಾರೆ. 34 ತೆಗೆದವನು ಮಾತ್ರ ಬೇರೆಯೇ ಕುಲದವನು. ಮೈಯರ್ಸ್-ಬ್ರಿಗ್ಸ್ ಮಾಡುವುದು ಇದನ್ನೇ, ಅದೂ ನಾಲ್ಕು ವಿಷಯಗಳಲ್ಲಿ. ಒಂದೊಂದರಲ್ಲೂ ಗೆರೆ ಎಳೆದು ಈಚೆ ಅಥವಾ ಆಚೆ ಎನ್ನುತ್ತದೆ. ಹಾಗೆ ಹದಿನಾರು ಬಗೆಯ ಮನುಷ್ಯರು ಹುಟ್ಟುತ್ತಾರೆ. ಆದರೆ ಸಾವಿರ ಜನರ ಅಂಕಗಳನ್ನು ನಕ್ಷೆಯಲ್ಲಿ ಇಟ್ಟು ನೋಡಿದರೆ ಅಂತರ್ಮುಖಿಗಳದೊಂದು, ಬಹಿರ್ಮುಖಿಗಳದೊಂದು ಎಂದು ಎರಡು ಗುಂಪು ಕಾಣುವುದಿಲ್ಲ. ಬಹುಪಾಲು ಜನ ನಡುವೆಯೇ ಕಿಕ್ಕಿರಿದಿರುತ್ತಾರೆ. ಗೆರೆ ಬಿದ್ದಿರುವುದೂ ಅಲ್ಲೇ! ಹಾಗಾಗಿ ಕೆಲವೇ ವಾರ ಬಿಟ್ಟು ಮತ್ತೆ ಬರೆದರೆ ಎಷ್ಟೋ ಜನರ ಒಂದಾದರೂ ಅಕ್ಷರ ಬದಲಾಗಿರುತ್ತದೆ. ಮನುಷ್ಯ ಬದಲಾದದ್ದಲ್ಲ, ಎರಡು ಅಂಕ ಅತ್ತಿತ್ತ ಆಯಿತು, ಅಷ್ಟೆ. ಕೆಲಸಕ್ಕೆ ಆಯ್ಕೆ ಮಾಡಲು ಇದನ್ನು ಬಳಸಬೇಡಿ ಎಂದು ಈ ಪರೀಕ್ಷೆ ಮಾರುವ ಕಂಪನಿಯೇ ಹೇಳುತ್ತದೆ.

"ಆದರೆ ಅದರಲ್ಲಿ ಬರೆದದ್ದೆಲ್ಲ ನನಗೆ ಸರಿಯಾಗಿ ಹೊಂದುತ್ತದಲ್ಲ?" ಎಂದು ಮಗಳು ಕೇಳಬಹುದು. 1948ರಲ್ಲಿ ಬರ್ಟ್ರಮ್ ಫೋರರ್ ಎಂಬ ಮನಶ್ಶಾಸ್ತ್ರಜ್ಞ ತನ್ನ ತರಗತಿಯ 39 ವಿದ್ಯಾರ್ಥಿಗಳಿಗೆ ಒಂದು ಪರೀಕ್ಷೆ ಕೊಟ್ಟ. ವಾರದ ನಂತರ ಪ್ರತಿಯೊಬ್ಬರ ಕೈಗೂ ಅವರವರ ಹೆಸರು ಬರೆದ 'ವರದಿ' ಇಟ್ಟು, ಎಷ್ಟು ಸರಿಯಾಗಿದೆ ಎಂದು ಐದಕ್ಕೆ ಅಂಕ ಕೊಡಿ ಎಂದ. ಸರಾಸರಿ ಬಂದದ್ದು 4.26. ಆಮೇಲೆ ಗುಟ್ಟು ಬಯಲಾಯಿತು: ಎಲ್ಲರಿಗೂ ಕೊಟ್ಟದ್ದು ಒಂದೇ ವರದಿ. ಅದರ ವಾಕ್ಯಗಳನ್ನು ಆತ ಹೆಕ್ಕಿದ್ದು ಪೇಪರ್ ಅಂಗಡಿಯಲ್ಲಿ ಸಿಗುವ ಜ್ಯೋತಿಷ್ಯದ ಪುಸ್ತಕದಿಂದ. ಹೊರಗೆ ಗಟ್ಟಿಯಾಗಿ ಕಂಡರೂ ಒಳಗೆ ಅಳುಕು, ಇರುವ ಶಕ್ತಿಯನ್ನೆಲ್ಲ ಇನ್ನೂ ಬಳಸಿಕೊಂಡಿಲ್ಲ ಎಂಬ ಧಾಟಿಯ ಮಾತು ಯಾರಿಗೆ ತಾನೆ ಹೊಂದುವುದಿಲ್ಲ? ಬೆಳಗಿನ ಟೀವಿಯ ರಾಶಿಫಲ ನಡೆಯುವುದೂ ಇದರ ಮೇಲೆಯೇ. 'ನನಗೆ ಹೊಂದುತ್ತದೆ' ಎಂಬುದು ಪರೀಕ್ಷೆ ಸರಿ ಎನ್ನುವುದಕ್ಕೆ ಸಾಕ್ಷಿಯಲ್ಲ.

ಹಾಗಾದರೆ ಸರಿಯಾದ ಅಳತೆ ಹುಟ್ಟಿದ್ದು ಎಲ್ಲಿ? ಸುಪ್ತ ಮನಸ್ಸಿನ ಮಾತೆತ್ತಿದ ಫ್ರಾಯ್ಡ್ ಬಗ್ಗೆ ನಾನು ಹೆಚ್ಚು ಹೇಳಲು ಹೋಗುವುದಿಲ್ಲ. 'ಕೊರವಂಜಿ'ಯ ರಾಶಿ, ಅಂದರೆ ಡಾ. ಎಂ. ಶಿವರಾಂ, ಮನಸ್ಸಿನ ಕುರಿತು ಬರೆದ 'ಮನಮಂಥನ' ಓದಿದವರಿಗೆ ಆ ಲೋಕ ಹೊಸದಲ್ಲ. ಆದರೆ ಫ್ರಾಯ್ಡ್ ಮನೆಯಲ್ಲಿ ನಡೆದ ಒಂದು ಪ್ರಸಂಗ ಹೇಳದೆ ಮುಂದೆ ಹೋಗಲಾರೆ. 1920ರಲ್ಲಿ ಗಾರ್ಡನ್ ಆಲ್‌ಪೋರ್ಟ್ ಎಂಬ 22ರ ಅಮೆರಿಕನ್ ಹುಡುಗ ವಿಯೆನ್ನಾದಲ್ಲಿ ಫ್ರಾಯ್ಡ್‌ನನ್ನು ನೋಡಲು ಹೋದ. ಫ್ರಾಯ್ಡ್ ಮಾತಾಡದೆ ಸುಮ್ಮನೆ ಕೂತ. ಮುಜುಗರವಾದ ಹುಡುಗ, ಬರುವಾಗ ಟ್ರಾಮಿನಲ್ಲಿ ಕಂಡದ್ದನ್ನು ಹೇಳಿದ: ನಾಲ್ಕು ವರ್ಷದ ಪುಟ್ಟನೊಬ್ಬನಿಗೆ ಕೊಳೆ ಕಂಡರೆ ವಿಪರೀತ ಭಯ, ಪಕ್ಕದಲ್ಲಿ ಇಸ್ತ್ರಿ ಮುರಿಯದ ಬಟ್ಟೆಯ ಗತ್ತಿನ ತಾಯಿ. ಕಾರಣ ಕಣ್ಣೆದುರೇ ಇತ್ತು. ಫ್ರಾಯ್ಡ್ ಮಾತ್ರ ಹುಡುಗನನ್ನೇ ದಿಟ್ಟಿಸಿ, ಆ ಪುಟ್ಟ ನೀನೇ ತಾನೆ ಎಂದು ಕೇಳಿದ. ಆಲ್‌ಪೋರ್ಟ್ ಸುಸ್ತು. ಎಲ್ಲದಕ್ಕೂ ಪಾತಾಳಕ್ಕೇ ಇಳಿಯುವ ಮುನ್ನ ಮೇಲೆ ಕಾಣುವುದನ್ನು ಸರಿಯಾಗಿ ನೋಡಬಾರದೆ ಎಂಬ ಯೋಚನೆ ಅವನ ತಲೆಯಲ್ಲಿ ಉಳಿಯಿತು.

ಮುಂದೆ ಹಾರ್ವರ್ಡ್‌ನಲ್ಲಿ ಪ್ರೊಫೆಸರ್ ಆದ ಆಲ್‌ಪೋರ್ಟ್, ಹೆನ್ರಿ ಓಡ್‌ಬರ್ಟ್ ಜತೆ ಸೇರಿ ವೆಬ್‌ಸ್ಟರ್ ನಿಘಂಟನ್ನು ಮೊದಲ ಪುಟದಿಂದ ಕೊನೆಯವರೆಗೆ ಜಾಲಾಡಿದ. ಜನರ ನಡುವೆ ಮುಖ್ಯವೆನಿಸುವ ಯಾವ ವ್ಯತ್ಯಾಸಕ್ಕೂ ಭಾಷೆ ಒಂದು ಪದ ಮಾಡಿಕೊಂಡೇ ಇರುತ್ತದೆ ಎಂಬುದು ತರ್ಕ. 1884ರಲ್ಲೇ ಫ್ರಾನ್ಸಿಸ್ ಗಾಲ್ಟನ್ ಇದನ್ನು ಊಹಿಸಿ ಸ್ವಭಾವ ಸೂಚಿಸುವ ಪದಗಳು ಸಾವಿರದಷ್ಟಿವೆ ಎಂದು ಅಂದಾಜು ಮಾಡಿದ್ದ. ಆಲ್‌ಪೋರ್ಟ್, ಓಡ್‌ಬರ್ಟ್ 1936ರಲ್ಲಿ ಪ್ರಕಟಿಸಿದ ಪಟ್ಟಿಯಲ್ಲಿ ಇದ್ದದ್ದು 17,953 ಪದ. ಗಳಿಗೆಯ ಮೂಡು, ಬರೀ ಹೊಗಳಿಕೆ-ತೆಗಳಿಕೆಯ ಪದಗಳನ್ನು ಬದಿಗಿಟ್ಟ ಮೇಲೂ ಸ್ಥಿರ ಗುಣಗಳದ್ದೇ ನಾಲ್ಕೂವರೆ ಸಾವಿರ.

ಇಷ್ಟನ್ನು ಇಟ್ಟುಕೊಂಡು ಏನು ಮಾಡುವುದು? ಇಲ್ಲಿ ಸಂಖ್ಯಾಶಾಸ್ತ್ರ ಕೈಹಿಡಿಯಿತು. ಒಂದು ಗುಣ ಇರುವವರಲ್ಲಿ ಇನ್ಯಾವ ಗುಣಗಳು ಒಟ್ಟೊಟ್ಟಿಗೆ ಬರುತ್ತವೆ ಎಂದು ಲೆಕ್ಕ ಹಾಕಿ, ನೂರಾರು ಪದಗಳ ಹಿಂದೆ ಅಡಗಿರುವ ನಾಲ್ಕಾರು ಮೂಲ ಅಂಶಗಳನ್ನು ಹುಡುಕುವ ವಿಧಾನವನ್ನು ಲಂಡನ್ನಿನ ಚಾರ್ಲ್ಸ್ ಸ್ಪಿಯರ್‌ಮನ್ 1904ರಲ್ಲೇ ಕೊಟ್ಟಿದ್ದ. (ಅವನ ಕೈಕೆಳಗೆ ಕಲಿತು ಬಂದ ಎಂ. ವಿ. ಗೋಪಾಲಸ್ವಾಮಿ 1924ರಲ್ಲಿ ಮೈಸೂರು ವಿಶ್ವವಿದ್ಯಾಲಯದ ಮನಶ್ಶಾಸ್ತ್ರ ವಿಭಾಗ ಕಟ್ಟಿದರು. 1935ರಲ್ಲಿ ಮನೆಯಲ್ಲೇ ರೇಡಿಯೊ ಕೇಂದ್ರ ಆರಂಭಿಸಿದವರೂ ಅವರೇ, 'ಆಕಾಶವಾಣಿ' ಎಂಬ ಹೆಸರಿಗೆ ಮೈಸೂರು ತವರಾದದ್ದು ಹೀಗೆ.) ಸ್ಪಿಯರ್‌ಮನ್ ಗರಡಿಯಲ್ಲಿ ಪಳಗಿದ ಇನ್ನೊಬ್ಬ ರೇಮಂಡ್ ಕ್ಯಾಟೆಲ್ ಆ ಪಟ್ಟಿಯನ್ನು ಅರೆದು ಸೋಸಿ 1949ರಲ್ಲಿ ಹದಿನಾರು ಅಂಶಗಳ ಪರೀಕ್ಷೆ ಹೊರತಂದ. ಹ್ಯಾನ್ಸ್ ಐಸೆಂಕ್, ಅಷ್ಟು ಬೇಡ, ಎರಡು ಸಾಕು ಎಂದು ವಾದಿಸಿದ. ಆಮೇಲೆ ತಾನೇ ಮೂರನೆಯದನ್ನು ಸೇರಿಸಿದ. 1961ರಲ್ಲಿ ಅಮೆರಿಕದ ವಾಯುಪಡೆಗೆ ಕೆಲಸ ಮಾಡುತ್ತಿದ್ದ ಟ್ಯೂಪ್ಸ್, ಕ್ರಿಸ್ಟಲ್ ಎಂಬಿಬ್ಬರು ಹಲವು ಗುಂಪುಗಳ ಮಾಹಿತಿಯನ್ನು ಮತ್ತೆ ಜರಡಿ ಹಿಡಿದಾಗ ಪ್ರತಿಸಲವೂ ಉಳಿದದ್ದು ಐದು. ಇಷ್ಟು ದೊಡ್ಡ ಸಂಗತಿ ವಾಯುಪಡೆಯ ವರದಿಯೊಂದರಲ್ಲಿ ಧೂಳು ತಿನ್ನುತ್ತ ಬಿದ್ದಿತ್ತು. 1980ರ ದಶಕದಲ್ಲಿ ಲೂಯಿಸ್ ಗೋಲ್ಡ್‌ಬರ್ಗ್ 'ಬಿಗ್ ಫೈವ್' ಎಂದು ಹೆಸರಿಟ್ಟ ಮೇಲೆ ಅದಕ್ಕೆ ಜೀವ ಬಂತು.

ಆ ಐದು: ಹೊಸತಿಗೆ ತೆರೆದ ಮನಸ್ಸು, ಕೆಲಸದಲ್ಲಿ ಶ್ರದ್ಧೆ-ಅಚ್ಚುಕಟ್ಟು, ಬಹಿರ್ಮುಖತೆ, ಹೊಂದಿಕೊಂಡು ಹೋಗುವ ಗುಣ, ಬೇಗ ಕಳವಳಗೊಳ್ಳುವ ಸ್ವಭಾವ. ಇಲ್ಲಿ ಪಾಸು-ಫೇಲಿಲ್ಲ, ಐದು ವಿಷಯದ ಐದು ಅಂಕ. ಕಾಸ್ಟಾ, ಮೆಕ್ರೇ 1992ರಲ್ಲಿ ತಂದ ಪ್ರಶ್ನಾವಳಿಯಲ್ಲಿ 240 ಹೇಳಿಕೆಗಳಿವೆ. ಅಂಥವು ಹೇಗಿರುತ್ತವೆ ಎಂದು ತೋರಿಸಲು ನಾನೇ ಎರಡು ಬರೆಯುತ್ತೇನೆ: 'ಮದುವೆಮನೆಯಲ್ಲಿ ಗುರುತಿಲ್ಲದವರನ್ನೂ ನಾನಾಗಿ ಮಾತಾಡಿಸುತ್ತೇನೆ', 'ಜನ ಸೇರಿದ ಕಡೆ ಮೂಲೆಯ ಕುರ್ಚಿ ಹುಡುಕುತ್ತೇನೆ'. ಒಂದರಿಂದ ಐದರೊಳಗೆ ಗುರುತು ಹಾಕಬೇಕು. ಎರಡನೆಯದರ ಅಂಕ ತಿರುಗುಮುರುಗು, 5 ಹಾಕಿದರೆ 1 ಎಂದು ಲೆಕ್ಕ. ಏನು ಕೇಳಿದರೂ ಹೂಂ ಎನ್ನುವವರು ನಮ್ಮಲ್ಲಿ ಬಹಳ. ಅವರ ಹೂಂಗಳು ಹೀಗೆ ವಜಾ ಆಗುತ್ತವೆ. ಮನೋರೋಗ ಪತ್ತೆಗೆಂದು 1943ರಲ್ಲಿ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಪರೀಕ್ಷೆಯಲ್ಲಂತೂ ಸುಳ್ಳು ಹಿಡಿಯಲೆಂದೇ 15 ಹೇಳಿಕೆಗಳಿವೆ. ನನಗೆ ಒಮ್ಮೊಮ್ಮೆ ಸಿಟ್ಟು ಬರುತ್ತದೆ ಎಂಬಂಥ ಮಾತಿಗೆಲ್ಲ ಇಲ್ಲ ಎಂದವರು ಸಂತರಿರಬಹುದು. ಬಹುಮಟ್ಟಿಗೆ ಒಳ್ಳೆಯವರಾಗಿ ಕಾಣಬೇಕೆಂದು ಬರೆಯುತ್ತಿರುತ್ತಾರೆ.

ಇಷ್ಟಾದರೂ ಅಂಕ ನೋಡಿ ಮನುಷ್ಯ ನಾಳೆ ಏನು ಮಾಡುತ್ತಾನೆ ಎಂದು ಹೇಳಬಹುದೆ? 1920ರ ದಶಕದಲ್ಲಿ ಹಾರ್ಟ್‌ಶಾರ್ನ್, ಮೇ ಎಂಬಿಬ್ಬರು ಹತ್ತು ಸಾವಿರಕ್ಕೂ ಹೆಚ್ಚು ಶಾಲಾಮಕ್ಕಳ ಪ್ರಾಮಾಣಿಕತೆ ಪರೀಕ್ಷಿಸಿದರು. ಮಕ್ಕಳ ಉತ್ತರ ಪತ್ರಿಕೆಯನ್ನು ಗುಟ್ಟಾಗಿ ನಕಲು ಮಾಡಿಟ್ಟು, ಮೂಲವನ್ನು ಸರಿಯುತ್ತರಗಳ ಸಮೇತ ಕೈಗೆ ಕೊಟ್ಟು 'ನೀವೇ ತಿದ್ದಿಕೊಳ್ಳಿ' ಎಂದರು. ಇಲ್ಲಿ ಮೋಸ ಮಾಡಿದ ಮಗು ಆಟದಲ್ಲೋ ಹಣದಲ್ಲೋ ಮೋಸ ಮಾಡುತ್ತದೆ ಎಂದು ಹೇಳುವಂತಿರಲಿಲ್ಲ. 1968ರಲ್ಲಿ ವಾಲ್ಟರ್ ಮಿಶೆಲ್ ಇಂಥ ಸಂಶೋಧನೆಗಳನ್ನೆಲ್ಲ ಗುಡ್ಡೆ ಹಾಕಿ, ಪರೀಕ್ಷೆಯ ಅಂಕಕ್ಕೂ ಒಂದು ಸಂದರ್ಭದ ನಡತೆಗೂ ಇರುವ ಸಂಬಂಧ 0.30ರ ಆಚೀಚೆ ಎಂದ. ಪೂರ್ತಿ ಹೊಂದಿದರೆ 1 ಎಂದು ಲೆಕ್ಕ. ವ್ಯಕ್ತಿತ್ವ ಸಂಶೋಧಕರ ಪಾಳಯದಲ್ಲಿ ಗದ್ದಲವೋ ಗದ್ದಲ. ಸಮಾಧಾನದ ಉತ್ತರ ಕೊಟ್ಟದ್ದು ಸೀಮೋರ್ ಎಪ್‌ಸ್ಟೈನ್: ಒಂದು ದಿನದ ನಡತೆ ನೋಡಬೇಡಿ, ಹಲವು ದಿನಗಳ ಸರಾಸರಿ ನೋಡಿ, ಆಗ ಸ್ವಭಾವ ನಿಚ್ಚಳವಾಗಿ ಕಾಣುತ್ತದೆ. ನನಗೂ ಇದೇ ಸರಿಯೆನಿಸುತ್ತದೆ.

ಚಿತ್ರ ತೋರಿಸಿ ಮನಸ್ಸು ಓದುವ ಪರೀಕ್ಷೆಗಳು ಇನ್ನೊಂದು ಕವಲು. ಹರ್ಮನ್ ರೋರ್ಶಾಕ್ 1921ರಲ್ಲಿ ಶಾಯಿ ಕಲೆಗಳ ಹತ್ತು ಕಾರ್ಡು ತಂದು ಮರುವರ್ಷವೇ ತೀರಿಕೊಂಡ. ಅದರ ಜಗಳ ಇನ್ನೂ ನಿಂತಿಲ್ಲ. 1935ರಲ್ಲಿ ಕ್ರಿಸ್ಟಿಯಾನ ಮಾರ್ಗನ್, ಹೆನ್ರಿ ಮರ್ರೆ ತಂದ ಕಥೆ ಕಟ್ಟಿಸುವ ಪರೀಕ್ಷೆ ನಮ್ಮ ಹುಡುಗರಿಗೆ ಚೆನ್ನಾಗಿ ಗೊತ್ತು: ಸೇನಾ ಅಧಿಕಾರಿಗಳನ್ನು ಆರಿಸುವ ಎಸ್‌ಎಸ್‌ಬಿಯಲ್ಲಿ, ಬೆಂಗಳೂರಿನ ಕೇಂದ್ರದಲ್ಲೂ, ಅರ್ಧ ನಿಮಿಷ ಚಿತ್ರ ತೋರಿಸಿ ನಾಲ್ಕು ನಿಮಿಷದಲ್ಲಿ ಕಥೆ ಬರೆಸುತ್ತಾರೆ. ಕೊನೆಯದು ಖಾಲಿ ಸ್ಲೈಡು. ಕೋಚಿಂಗ್ ಸೆಂಟರುಗಳಲ್ಲಿ ಕಥೆ ಉರು ಹೊಡೆದು ಬರುವವರ ಕಾಲದಲ್ಲಿ ಇದು ಎಷ್ಟು ಹೇಳೀತು ಎಂಬ ಅನುಮಾನ ನನಗಿದೆ. ಆದರೆ ಎಸ್‌ಎಸ್‌ಬಿ ಇದೊಂದನ್ನೇ ನಂಬುವುದಿಲ್ಲ, ಐದು ದಿನ ಇಟ್ಟುಕೊಂಡು ಗುಂಪಿನಲ್ಲಿ, ಮೈದಾನದಲ್ಲಿ, ಸಂದರ್ಶನದಲ್ಲಿ ನೋಡುತ್ತದೆ. ಆ ಬುದ್ಧಿ ಮೆಚ್ಚತಕ್ಕದ್ದು.

ಬಿಗ್ ಫೈವ್ ಕೂಡ ಎಲ್ಲ ಕಡೆಗೂ ಒಗ್ಗುವ ಅಳತೆಯಲ್ಲ. ಬೊಲಿವಿಯಾದ ಕಾಡಂಚಿನಲ್ಲಿ ಬೇಟೆ, ಬೇಸಾಯ ಮಾಡಿ ಬದುಕುವ ಚಿಮಾನೆ ಜನರಲ್ಲಿ 632 ಮಂದಿಯನ್ನು ಪರೀಕ್ಷಿಸಿದ ಅಧ್ಯಯನ 2013ರಲ್ಲಿ ಬಂತು. ಅಲ್ಲಿ ಆ ಐದು ಅಂಶಗಳು ಬೇರ್ಪಟ್ಟು ಕಾಣಲೇ ಇಲ್ಲ. ನಗರದ, ಓದುಬರಹ ಬಲ್ಲವರ ನಡುವೆ ಹುಟ್ಟಿದ ಪ್ರಶ್ನೆಗಳನ್ನು ಬೇರೆಡೆಗೆ ಒಯ್ದರೆ ಹೀಗೂ ಆಗುತ್ತದೆ. ಆದ್ದರಿಂದ ಕಂಪನಿಯೋ ಕಾಲೇಜೋ ಪರ್ಸನಾಲಿಟಿ ಟೆಸ್ಟ್ ಕೊಟ್ಟಾಗ ಸಂಕೋಚವಿಲ್ಲದೆ ಎರಡು ಪ್ರಶ್ನೆ ಕೇಳಿ: ಈ ಪರೀಕ್ಷೆಯನ್ನು ನಮ್ಮಂಥ ಜನರ ಮೇಲೆ ಒರೆಹಚ್ಚಿ ನೋಡಿದ್ದೀರಾ? ಎರಡನೇ ಸಲ ಬರೆದರೆ ಇದೇ ಫಲಿತಾಂಶ ಬರುತ್ತದೆಯೇ? ಎರಡಕ್ಕೂ ನೆಟ್ಟಗೆ ಉತ್ತರ ಕೊಡದವರ ವರದಿಯನ್ನು ತಲೆಗೆ ಹಚ್ಚಿಕೊಳ್ಳಬೇಡಿ.